ಷಾರ್ಲಟ್ ಫೋರ್ಟನ್ ಡೈರಿ: ಕತ್ತರಿಗೆ ಸಿಕ್ಕ ಮನೆಮಂದಿ

ಫೆಬ್ರವರಿ ಬಂತು ಅಂದ್ರೆ ಇಲ್ಲಿ ಅಮೆರಿಕದ ಶಾಲೆಗಳಲ್ಲಿ ಬ್ಲ್ಯಾಕ್ ಹಿಸ್ಟರಿ ತಿಂಗಳು. ಮಕ್ಕಳು ಒಬ್ಬೊಬ್ಬ ಸಾಧಕರನ್ನು ಆರಿಸಿಕೊಂಡು ಪೋಸ್ಟರ್ ಮಾಡ್ತಾರೆ. ಪೋಸ್ಟರಿನಲ್ಲಿ ಸಾಮಾನ್ಯವಾಗಿ ಒಂದೇ ಮುಖ. ಅವರ ಹಿಂದೆ ಯಾರಿದ್ದರು ಅನ್ನೋದು ಕಾಣಿಸೋದಿಲ್ಲ. ಷಾರ್ಲಟ್ ಫೋರ್ಟನ್ ಅವರ ಡೈರಿಗೂ ಒಂದು ಸಲ ಹಾಗೇ ಆಯಿತು.

ಷಾರ್ಲಟ್ ಹುಟ್ಟಿದ್ದು 1837ರಲ್ಲಿ, ಫಿಲಡೆಲ್ಫಿಯಾದಲ್ಲಿ. ಅಂತರ್ಯುದ್ಧ ನಡೀತಿದ್ದಾಗಲೇ, 1862ರಲ್ಲಿ, ಸೌತ್ ಕ್ಯಾರೊಲಿನಾದ ಸೇಂಟ್ ಹೆಲೆನಾ ದ್ವೀಪಕ್ಕೆ ಹೋಗಿ, ಒಡೆಯರು ಬಿಟ್ಟು ಓಡಿದ್ದ ಹತ್ತಿ ತೋಟಗಳ ಜನರಿಗೆ ಅಕ್ಷರ ಕಲಿಸಿದವರು. ಡೈರಿ ಶುರುವಾಗುವುದು 1854ರ ಮೇ ತಿಂಗಳಲ್ಲಿ. ಆಗ ಅವರಿಗೆ ಹದಿನಾರು ವರ್ಷ.

1953ರಲ್ಲಿ ಇತಿಹಾಸಕಾರ ರೇ ಅಲೆನ್ ಬಿಲ್ಲಿಂಗ್ಟನ್ ಈ ಡೈರಿಯನ್ನು ಸಂಪಾದಿಸಿ ಪುಸ್ತಕ ಮಾಡಿದರು. ಅದಕ್ಕೆ ನಾವು ಋಣಿಗಳೇ. ಆದರೆ ಅವರು ಹವಾಮಾನ, ನಿಸರ್ಗ ವರ್ಣನೆಗಳ ಜೊತೆಗೆ ಮನೆವಾರ್ತೆಯನ್ನೂ ಕತ್ತರಿಸಿದರು. ಜನಾಂಗಭೇದ ಒಬ್ಬ ಸೂಕ್ಷ್ಮ ಹುಡುಗಿಯನ್ನು ಹೇಗೆ ನೋಯಿಸಿತು ಅನ್ನೋದು ಅವರಿಗೆ ಮುಖ್ಯ, ಮನೆಯ ವಿಷಯ ಅಮುಖ್ಯ. ಪೂರ್ತಿ ಪಠ್ಯ ಸಿಕ್ಕಿದ್ದು 1988ರಲ್ಲಿ, ಬ್ರೆಂಡಾ ಸ್ಟೀವನ್ಸನ್ ಅವರ ಸಂಪಾದನೆಯಲ್ಲಿ.

ಹಾಗಾದ್ರೆ ಆ ಮನೆ ಎಂಥದ್ದು? ಅಜ್ಜ ಜೇಮ್ಸ್ ಫೋರ್ಟನ್ ಹುಡುಗನಾಗಿದ್ದಾಗಲೇ ಅಮೆರಿಕದ ಸ್ವಾತಂತ್ರ್ಯ ಯುದ್ಧದ ಹಡಗು ಹತ್ತಿ, ಬ್ರಿಟಿಷರ ಸೆರೆಯಲ್ಲಿದ್ದು ಬಂದವರು. ಆಮೇಲೆ ಹಡಗಿನ ಹಾಯಿ ಹೊಲಿಯುವ ಕಾರ್ಖಾನೆಯ ಮಾಲೀಕರಾಗಿ, ಗಳಿಸಿದ ದುಡ್ಡನ್ನು ಗುಲಾಮಗಿರಿ ವಿರೋಧಿ ಪತ್ರಿಕೆ 'ಲಿಬರೇಟರ್'ಗೂ ಕೊಟ್ಟವರು. 1833ರಲ್ಲಿ ಫಿಲಡೆಲ್ಫಿಯಾದ ಮಹಿಳೆಯರು ಗುಲಾಮಗಿರಿ ವಿರೋಧಿ ಸಂಘ ಕಟ್ಟಿದಾಗ ಅಜ್ಜಿ, ಮತ್ತೆ ಮಾರ್ಗರೆಟ್ಟಾ, ಹ್ಯಾರಿಯೆಟ್, ಸಾರಾ ಅನ್ನೋ ಮೂವರು ಸೋದರತ್ತೆಯರು ಅದರಲ್ಲಿದ್ದರು. ಅಂದರೆ, ಈ ಹುಡುಗಿ ಹುಟ್ಟೋಕೆ ಮುಂಚೆಯೇ ಮನೆಯಲ್ಲಿ ಚಳವಳಿ ಇತ್ತು. ಷಾರ್ಲಟ್‌ಗೆ ಮೂರು ವರ್ಷವಾಗಿದ್ದಾಗ ತಾಯಿ ತೀರಿಕೊಂಡರು. ಕಪ್ಪು ಮಕ್ಕಳನ್ನು ಬೇರೆ ಕೂರಿಸುವ ಊರಿನ ಶಾಲೆಗಳಿಗೆ ಕಳಿಸೋಕೆ ತಂದೆ ರಾಬರ್ಟ್ ಒಪ್ಪಲಿಲ್ಲ. ಮನೆಯಲ್ಲೇ ಪಾಠ ಹೇಳಿಸಿದರು, ಆಮೇಲೆ ಎಲ್ಲರೂ ಒಟ್ಟಿಗೆ ಕಲಿಯುವ ಸೇಲಂಗೆ ಕಳಿಸಿದರು.

ಇದನ್ನು ತಿಳಿದು ಓದಿದರೆ ಡೈರಿಯ ಅರ್ಥವೇ ಬದಲಾಗುತ್ತೆ. ಹುಟ್ಟುಹಬ್ಬದ ದಿನವೂ ಷಾರ್ಲಟ್ ತನ್ನನ್ನು ತಾನು ಬೈದುಕೊಳ್ತಾರೆ: ಕಲಿತದ್ದು ಸಾಲದು, ಮಾಡಿದ್ದು ಸಾಲದು. ಮನೆ ಕಾಣದ ಆವೃತ್ತಿಯಲ್ಲಿ ಇದು ಒಂಟಿ ಹುಡುಗಿಯ ಕೀಳರಿಮೆ ಅನ್ನಿಸುತ್ತೆ. ಮನೆಯನ್ನು ಪಕ್ಕದಲ್ಲಿಟ್ಟು ನೋಡಿ. ಅಂಥ ಅಜ್ಜ, ಅಂಥ ಅತ್ತೆಯರು ಇರುವಾಗ 'ಸಾಕು' ಅಂತ ಹೇಳೋದು ಯಾರಿಗೆ ಸುಲಭ? ಅವರನ್ನು ಎತ್ತಿ ನಿಲ್ಲಿಸಿದ್ದೂ ಆ ಮನೆಯೇ, ಹೆಗಲ ಮೇಲಿನ ಭಾರವೂ ಅದೇ.

ಅದೇ ಮನೆ ಒಂದು ದೂರವನ್ನೂ ತಂದಿಟ್ಟಿತು. 1864ರಲ್ಲಿ 'ಅಟ್ಲಾಂಟಿಕ್ ಮಂತ್ಲಿ'ಯಲ್ಲಿ ಬಂದ ದ್ವೀಪದ ಲೇಖನಗಳಲ್ಲಿ ಅಲ್ಲಿನ ಜನರ ಬಟ್ಟೆ, ಹಾಡು, ಕುಣಿತವನ್ನು ಅವರು ಪ್ರೀತಿಯಿಂದಲೇ ಬರೆದಿದ್ದಾರೆ, ಆದರೆ ನೋಡೋಕೆ ಬಂದವರ ಕಣ್ಣಿಂದ. ಮೈಬಣ್ಣ ಒಂದೇ ಆದರೂ ಬೆಳೆದ ಮನೆ ಬೇರೆ. ಇದು ಬರಹದ ಮಿತಿ. ಮನೆಯ ಕಥೆ ಗೊತ್ತಿದ್ದರೆ ಆ ಮಿತಿ ಎಲ್ಲಿಂದ ಬಂತು ಅನ್ನೋದೂ ತಿಳಿಯುತ್ತೆ.

ದೇಶ ಬಿಟ್ಟು ಹೋಗಿದ್ದ ತಂದೆ ವಾಪಸ್ ಬಂದು ಕಪ್ಪು ಸೈನಿಕರ ದಳ ಸೇರಿ, 1864ರಲ್ಲೇ ಕಾಯಿಲೆಯಿಂದ ತೀರಿಕೊಂಡರು. ಮಗಳಂತೆ ಅಪ್ಪನೂ ಅದೇ ಲೆಕ್ಕ ತೀರಿಸೋಕೆ ಹೊರಟವರು. ಇದನ್ನು ಬರೀ ಮನೆವಾರ್ತೆ ಅಂತ ಪಕ್ಕಕ್ಕಿಡೋದು ನನಗಂತೂ ಆಗಲ್ಲ.

ಓದೋದಾದ್ರೆ 1988ರ ಆವೃತ್ತಿಯನ್ನೇ ಓದಿ. ಮುಂದಿನ ಫೆಬ್ರವರಿಯಲ್ಲಿ ಮಕ್ಕಳು ಪೋಸ್ಟರ್ ಮಾಡೋಕೆ ಕೂತಾಗ, ಆ ಮುಖದ ಪಕ್ಕ ಅಜ್ಜಿ, ಅತ್ತೆಯರಿಗೂ ಸ್ವಲ್ಪ ಜಾಗ ಬಿಡಿ ಅಂತ ಹೇಳಿ.