‘ದ್ವೀಪ’: ಲಾಂಚೋ, ಸೇತುವೆಯೋ?

1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಪೂರ್ತಿಗೊಂಡು ಶರಾವತಿಯ ನೀರು ಹಿಂದಕ್ಕೆ ಹಬ್ಬಲಾಗಿ, ಸಾಗರ ಸೀಮೆಯ ಹಲವು ಗ್ರಾಮಗಳು ಮುಳುಗಿ, ಉಳಿದ ಗುಡ್ಡಗಳು ನಡುಗಡ್ಡೆಗಳಂತಾದುವು. ಸಿಗಂದೂರಿನ ಕಡೆಯವರಿಗೆ ಬಹುಕಾಲ ಲಾಂಚೇ ಗತಿಯಾಗಿದ್ದಿತು. ಸಂಜೆ ಅದು ನಿಂತಮೇಲೆ ರೋಗಿಗಳಿಗೂ ದೂರದ ಸುತ್ತುದಾರಿಯೇ. 2025ನೆಯ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿಯ ಸೇತುವೆ ತೆರೆಯಿತು. ಎರಡರಲ್ಲಿ ಸೇತುವೆಯೇ ಮೇಲೆಂಬುದು ನಿರ್ವಿವಾದ.

ಹಾಗಾದರೆ ನಾ. ಡಿಸೋಜರವರ ‘ದ್ವೀಪ’ ಕಾದಂಬರಿಯು ಹಳತಾಯಿತೇ? ಇಲ್ಲ. ಅದರಲ್ಲಿ ನೀರು ಏರುತ್ತಿರಲು ಗಣಪಯ್ಯ, ನಾಗವೇಣಿಯರ ಸಂಸಾರವು ಒಂಟಿಯಾಗುವುದು. ಕೃಷ್ಣಯ್ಯನ ನಿಮಿತ್ತವಾಗಿ ಪತಿಯ ಮನದಲ್ಲಿ ಸಂದೇಹ ಮೊಳೆಯುವುದು. ಒಂದೇ ಸೂರಿನಡಿಯಲ್ಲಿ ಇಬ್ಬರು ಎರಡು ದಡಗಳಾಗುವ ಈ ಭಾಗವೇ ಕೃತಿಯ ಸಾರ. ಇಲ್ಲಿಗೆ ಲಾಂಚೂ ಬಾರದು, ಸೇತುವೆಯೂ ಮುಟ್ಟದು.

ಕೆರೆ ತುಂಬಿದರೆ ಬಾಗಿನವನ್ನರ್ಪಿಸುವ ತುಮಕೂರು, ಗುಬ್ಬಿ, ಕುಣಿಗಲುಗಳ ವಾಚಕರಿಗೆ ನೀರೇರುವುದೆಂದರೆ ಹರ್ಷವೇ. ಅದೇ ನೀರು ಇನ್ನೊಬ್ಬರ ಅಂಗಳವನ್ನು ನುಂಗಬಲ್ಲದೆಂಬುದನ್ನು ಡಿಸೋಜರವರು ಆಕ್ರೋಶವಿಲ್ಲದೆ ಕಾಣಿಸಿರುವರು. ಲಾಂಚೋ ಸೇತುವೆಯೋ ಎಂದು ಆರಿಸುವ ಮುನ್ನ, ಆ ನೆಲವನ್ನು ದ್ವೀಪವಾಗಿಸುವಾಗ ಅಲ್ಲಿಯವರನ್ನು ಕೇಳಿದವರಾರು ಎಂಬ ಪ್ರಶ್ನೆಯನ್ನು ಈ ಗ್ರಂಥವು ಉಳಿಸುತ್ತದೆ. ಸೇತುವೆಯ ಮೇಲೆ ಸಿಗಂದೂರಿಗೆ ಸಾಗುವವರು ಇದನ್ನು ಅವಶ್ಯವಾಗಿ ಓದತಕ್ಕದ್ದು.