ಏಪ್ರಿಲ್ 10ರ ನಂತರದ ನೀರು

ಶರಣಬಸವೇಶ್ವರರ ಬಗ್ಗೆ ಕಲಬುರಗಿ ಕಡೆ ಹೇಳುವ ಒಂದು ಕಥೆ ಎಲ್ಲರಿಗೂ ಗೊತ್ತು. ಅರಳಗುಂಡಗಿಯ ಹೊಲದಲ್ಲಿ ಜೋಳ ತೆನೆ ಕಟ್ಟಿದಾಗ ಅವರು ಹಕ್ಕಿಗಳನ್ನು ಓಡಿಸಲಿಲ್ಲ. ತಿನ್ನಲು ಬಿಟ್ಟರು, ತಿಂದ ಮೇಲೆ ಬಾಯಾರೀತೆಂದು ಗಡಿಗೆಯಲ್ಲಿ ನೀರನ್ನೂ ಇಟ್ಟರು. ರಾಶಿಯ ದಿನ ಅವರ ಹೊಲದಲ್ಲಿ ಜೋಳ ಕಡಿಮೆಯಾಗಲಿಲ್ಲ ಎಂಬಲ್ಲಿಗೆ ಕಥೆ ಮುಗಿಯುತ್ತದೆ. ಪವಾಡದ ಮಾತು ಭಕ್ತರಿಗೆ ಬಿಟ್ಟದ್ದು. ನನ್ನನ್ನು ಹಿಡಿದು ನಿಲ್ಲಿಸುವುದು ಆ ಗಡಿಗೆ. ತೆನೆ ತಿನ್ನಲಿ ಬಿಡು ಎನ್ನಲು ಒಂದು ಗಳಿಗೆಯ ದೊಡ್ಡ ಮನಸ್ಸು ಸಾಕು. ಗಡಿಗೆಗೆ ದಿನಾ ನೀರು ತುಂಬಬೇಕೆಂದರೆ ದಿನಾ ಏಳಬೇಕು, ಹೊರಬೇಕು, ನೆನಪಿಡಬೇಕು. ಶಾಲೆಗಳಲ್ಲಿ ಮಕ್ಕಳಿಗೆ ದಯೆ ಕಲಿಸುವ ಈಗಿನ ಪರಿಪಾಠವನ್ನು ಆ ಗಡಿಗೆಯ ಪಕ್ಕದಲ್ಲಿ ನಿಂತೇ ಅಳೆಯಬೇಕು ಅನಿಸುತ್ತದೆ.

ಕಾಗದದ ಮೇಲೆ ನಮಗೆ ಕೊರತೆಯೇನೂ ಇಲ್ಲ. ಜೀವಿಗಳ ಮೇಲೆ ದಯೆ ಇಡುವುದು ನಾಗರಿಕನ ಕರ್ತವ್ಯವೆಂದು 1976ರ ತಿದ್ದುಪಡಿಯಲ್ಲಿ ಸಂವಿಧಾನಕ್ಕೇ ಬರೆದುಕೊಂಡೆವು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಂತೂ ಪ್ರಾಣಿ ಕಲ್ಯಾಣ ಮಂಡಳಿಗೆ ಈ ಶಿಕ್ಷಣದ ಕೆಲಸವನ್ನು ವಹಿಸಿಯೇ ಹುಟ್ಟಿದೆ. ಶಾಲೆಗಳಲ್ಲಿ ಇಕೋ ಕ್ಲಬ್‌ಗಳಿವೆ. ಅರಣ್ಯ ಇಲಾಖೆಯ ಚಿಣ್ಣರ ವನ ದರ್ಶನವಿದೆ, ‘ಮಗುವಿಗೊಂದು ಮರ, ಶಾಲೆಗೊಂದು ವನ’ ಎಂಬ ಸೊಗಸಾದ ಹೆಸರಿನ ಯೋಜನೆಯಿದೆ. ಪೇಟಾ ಇಂಡಿಯಾ ಸಂಸ್ಥೆಯ ‘ಕಂಪ್ಯಾಷನೇಟ್ ಸಿಟಿಜನ್’ ಎಂಬ ಪಾಠಕ್ರಮವೂ ಇದೆ, 8ರಿಂದ 12 ವರ್ಷದ ಮಕ್ಕಳಿಗೆಂದೇ. ಆ ಪ್ರಾಣಿಯ ಜಾಗದಲ್ಲಿ ನೀನಿದ್ದರೆ ಏನನಿಸೀತು ಎಂದು ಮಗುವನ್ನು ಕೇಳುವ ಇಂಥ ಪಾಠಗಳನ್ನು ನಾನು ಹಗುರಾಗಿ ಕಾಣುವುದಿಲ್ಲ. ಆ ಪ್ರಶ್ನೆಯನ್ನು ಹತ್ತು ವರ್ಷದೊಳಗೆ ಒಮ್ಮೆಯೂ ಕೇಳಿಸಿಕೊಳ್ಳದೆ ಬೆಳೆದವರನ್ನು ನೋಡಿದ್ದೇವೆ.

ತೊಡಕಿರುವುದು ಶಾಲೆಯ ಪಂಚಾಂಗದಲ್ಲಿ. ಮಾರ್ಚ್ 20ಕ್ಕೆ ಗುಬ್ಬಚ್ಚಿ ದಿನ, ಜೂನ್ 5ಕ್ಕೆ ಪರಿಸರ ದಿನ. ಮಾರ್ಚ್‌ನಲ್ಲಿ ಬೇವಿನ ಟೊಂಗೆಗೆ ನೀರಿನ ಬಟ್ಟಲು ಕಟ್ಟುತ್ತೇವೆ, ಜೂನ್‌ನಲ್ಲಿ ಸಸಿ ನೆಡುತ್ತೇವೆ. ಏಪ್ರಿಲ್ 10ಕ್ಕೆ ಫಲಿತಾಂಶ ಹೇಳಿ ಗೇಟಿಗೆ ಬೀಗ ಹಾಕಿದರೆ ಮತ್ತೆ ತೆಗೆಯುವುದು ಮೇ ಕೊನೆಗೆ. ಕಲಬುರಗಿಯಲ್ಲಿ ಬಿಸಿಲು 42, 43 ಡಿಗ್ರಿ ದಾಟಿ ನೆಲ ಬಾಯಿ ಬಿಡುವುದು ಸರಿಯಾಗಿ ಈ ಏಳು ವಾರಗಳಲ್ಲೇ. ಎರಡೇ ದಿನಕ್ಕೆ ಬಟ್ಟಲು ಒಣಗುತ್ತದೆ. ಜೂನ್‌ನ ಸಸಿಗೆ ಮಳೆ ಇರುವಷ್ಟು ದಿನ ನಮ್ಮ ಹಂಗಿಲ್ಲ. ಅದು ಬದುಕುವುದೋ ಸಾಯುವುದೋ ತೀರ್ಮಾನವಾಗುವುದು ಅದರ ಮೊದಲ ಬೇಸಿಗೆಯಲ್ಲಿ. ಆಗ ಶಾಲೆಯಲ್ಲಿ ಯಾರೂ ಇರುವುದಿಲ್ಲ. ಮಳೆ ಇದ್ದಾಗ ದಯೆ ಕಲಿಸಿ, ನೀರು ಬೇಕಾದಾಗ ರಜೆ ಕೊಡುತ್ತಿದ್ದೇವೆ.

ರಜೆ ಮುಗಿಸಿ ಬಂದ ಮಗು ತಾನು ನೆಟ್ಟ ಗಿಡದ ಹತ್ತಿರ ಹೋಗಿಯೇ ಹೋಗುತ್ತದೆ. ಅಲ್ಲಿ ಒಣಗಿದ ಕಡ್ಡಿ ನಿಂತಿರುತ್ತದೆ. ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ, ಯಾಕೆ ಹೀಗಾಯಿತೆಂದು ಯಾವ ಅಕ್ಕೋರೂ ಕೇಳುವುದಿಲ್ಲ. ಮುಂದಿನ ಜೂನ್ 5ಕ್ಕೆ ಅದೇ ತಗ್ಗಿನಲ್ಲಿ ಇನ್ನೊಂದು ಸಸಿ, ಇನ್ನೊಂದು ಫೋಟೊ. ಸತ್ತದ್ದಕ್ಕೆ ಬದಲಿ ಸಿಗುತ್ತದೆ, ಲೆಕ್ಕ ಕೊಡಬೇಕಿಲ್ಲ ಎಂಬ ಪಾಠವನ್ನು ನಾವು ಹೀಗೆ ಬಹಳ ಚೆನ್ನಾಗಿ ಕಲಿಸುತ್ತಿದ್ದೇವೆ. ಇದು ನನಗೆ ನಿಜಕ್ಕೂ ನೋವಿನ ಸಂಗತಿ. ಒಂದು ಗಿಡ ಸತ್ತರೆ ತರಗತಿಯಲ್ಲಿ ಕೂತು ಹತ್ತು ನಿಮಿಷ ಅದರ ಮಾತಾಡಿದರೆ ಅದಕ್ಕಿಂತ ದೊಡ್ಡ ಪಾಠ ಯಾವುದಿದ್ದೀತು?

ಕಲಬುರಗಿಯಿಂದ ಹುಮನಾಬಾದ್ ದಾರಿ ಹಿಡಿದು ಕಮಲಾಪುರಕ್ಕೆ ಹೋದರೆ ಚಿತ್ರ ಬದಲಾಗುತ್ತದೆ. ಅಲ್ಲಿಯ ಕೆಂಪು ಬಾಳೆಗೆ ಭೌಗೋಳಿಕ ಸೂಚಿ ಸಿಕ್ಕಿದೆ. ನೀರನ್ನೂ ಗೊಬ್ಬರವನ್ನೂ ಬಹಳ ಬೇಡುವ, ಗೊನೆಗೆ ವರ್ಷಕ್ಕೂ ಮೀರಿ ಕಾಯಿಸುವ ಬೆಳೆ ಅದು. ಬಾಳೆಯ ತೋಟವಿರುವ ಮನೆಯ ಹುಡುಗಿಗೆ ಗಿಡ ಸಾಕುವುದೆಂದರೇನು ಎಂದು ನಾವು ಹೇಳಿಕೊಡಬೇಕಿಲ್ಲ. ಆಡು ಮೇಯಿಸುವ ಹುಡುಗನಿಗೆ ಯಾವ ಮರಿ ಹಾಲು ಬಿಟ್ಟಿದೆ ಎಂಬುದು ನಡಿಗೆ ನೋಡಿದರೇ ಗೊತ್ತಾಗುತ್ತದೆ. ಆ ಮರಿ ಬೆಳೆದ ಮೇಲೆ ಸಂತೆಗೆ ಹೋಗುತ್ತದೆಂಬುದೂ ಅವನಿಗೆ ಗೊತ್ತು. ಪ್ರೀತಿ, ದುಡಿಮೆ, ಮಾರಾಟ ಮೂರನ್ನೂ ಒಂದೇ ಹಟ್ಟಿಯಲ್ಲಿ ಕಂಡ ಮಗುವಿನ ಮುಂದೆ ‘ಪ್ರಾಣಿಗಳು ನಮ್ಮ ಗೆಳೆಯರು’ ಎಂಬ ಪಾಠ ಓದಿದರೆ ಅದು ತಲೆ ತಗ್ಗಿಸಿ ಸುಮ್ಮನಾಗುತ್ತದೆ. ಮಗುವಿನ ಅನುಭವಕ್ಕಿಂತ ಚಿಕ್ಕದಾದ ಪಾಠವದು.

ಅದೇ ಮಗುವಿಗೆ ಬೇರೊಂದು ಪಾಠ ಮಾಡಬಹುದಿತ್ತು. ದುಡಿಯುವ, ಹೊರೆ ಹೊರುವ ಪ್ರಾಣಿಗಳ ಬಗ್ಗೆ 1965ರಲ್ಲೇ ಕೇಂದ್ರದ ನಿಯಮಗಳು ಬಂದಿವೆ: ದಿನಕ್ಕೆ 9 ತಾಸಿಗಿಂತ ಹೆಚ್ಚು ದುಡಿಸಬಾರದು, 5 ತಾಸಿಗಿಂತ ಹೆಚ್ಚು ಬಿಡುವಿಲ್ಲದೆ ದುಡಿಸಬಾರದು, 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಹೂಡಲೇಬಾರದು. ನಮ್ಮ ಜಿಲ್ಲೆಗೆಂದೇ ಬರೆದಂತಿದೆ. ಎಷ್ಟೋ ರೈತರು ಈ ನಿಯಮ ಓದದೆಯೇ ಬಿಸಿಲೇರುವ ಮೊದಲು ನೊಗ ಇಳಿಸುತ್ತಾರೆ. ಶಾಲೆಯ ಗೋಡೆಗೊಂದು ಥರ್ಮಾಮೀಟರ್ ತೂಗುಹಾಕಿ, ಮಕ್ಕಳೇ ದಿನಾ ಬರೆದಿಟ್ಟು, 37 ದಾಟಿದ ದಿನ ಮನೆಯಲ್ಲಿ ಎತ್ತು ಎಷ್ಟಕ್ಕೆ ಬಿಟ್ಟರು ಎಂದು ಕೇಳಿ ಬಂದರೆ ಗಣಿತ, ಕಾನೂನು, ಕರುಣೆ ಒಟ್ಟಿಗೇ ನಡೆಯುತ್ತವೆ. ಶಾಲೆ ಶುರುವಾಗುವ ಹೊತ್ತಿಗೇ ಕಾರಹುಣ್ಣಿಮೆ ಬರುತ್ತದೆ, ಹಿಂದೆಯೇ ಮಣ್ಣೆತ್ತಿನ ಅಮಾವಾಸ್ಯೆ. ಮಣ್ಣಿನ ಎತ್ತು ಮಾಡುವ ಕೈಗೆ ಎತ್ತಿನ ಹೆಗಲಿನ ಗಾಯ ಎಲ್ಲಿ ಆಗುತ್ತದೆ ಎಂಬುದೂ ತಿಳಿಯಲಿ. ನಗರದ ಮಕ್ಕಳನ್ನು ಪ್ರಾಣಿ ನೋಡಲು ಪಂಜರಗಳ ಮುಂದೆ ನಿಲ್ಲಿಸುವ ಬದಲು ಒಂದು ದಿನ ಕಮಲಾಪುರಕ್ಕೆ ಕರೆತಂದು, ಅಲ್ಲಿಯ ಮಕ್ಕಳನ್ನೇ ಮಾಸ್ತರರನ್ನಾಗಿ ಮಾಡಬಹುದು.

ಇನ್ನೊಂದು ವಿಷಯದಲ್ಲಿ ಕಟುವಾಗಿಯೇ ಹೇಳಬೇಕು. ದಯೆಯ ಪಾಠ ಬಡ ಮಗುವಿನ ತಟ್ಟೆಯ ಮೇಲಿನ ತೀರ್ಪಾಗಬಾರದು. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು ಕೊಡತೊಡಗಿದಾಗ ಅಹಿಂಸೆಯ ಹೆಸರಿನಲ್ಲಿ ಕೆಲವು ಮಠಾಧೀಶರು ವಿರೋಧಿಸಿದರು. ಅಪೌಷ್ಟಿಕತೆಯಿಂದ ಸೊರಗಿದ ಮಗುವಿನ ಕೈಯ ಮೊಟ್ಟೆಯನ್ನು ಪಾಪವೆಂದು ತೋರಿಸುವ ಕರುಣೆಯನ್ನು ನಾನು ಒಪ್ಪಲಾರೆ. ನಾಗರಪಂಚಮಿಗೆ ಹುತ್ತಕ್ಕೆ ಎರೆಯುವ ಹಾಲನ್ನು ಮಕ್ಕಳಿಗೆ ಕುಡಿಸಿ ‘ಬಸವ ಪಂಚಮಿ’ ಆಚರಿಸುವವರು ಇದನ್ನು ಸರಿಯಾಗಿ ಹಿಡಿದಿದ್ದಾರೆ. ಹಾವಿಗೆ ಹಾಲು ಬೇಕಿಲ್ಲ, ಮಗುವಿಗೆ ಬೇಕು. ಎರಡೂ ಜೀವಗಳ ಬಗ್ಗೆ ತಿಳಿದುಕೊಂಡು ಹುಟ್ಟಿದ ನಡೆ ಅದು.

ನಾಯಿಗಳ ವಿಷಯದಲ್ಲೂ ತಿಳಿವಳಿಕೆ ಮೊದಲು ಬರಬೇಕು. ಬಿಸಿಯೂಟದ ಉಳಿಕೆ ಹಾಕಿ ಶಾಲೆಯ ನಾಯಿಯನ್ನು ಸಲಹಿದ ಮಕ್ಕಳಿದ್ದಾರೆ. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳ ಆವರಣದಿಂದ ಬೀದಿನಾಯಿಗಳನ್ನು ತೆರವು ಮಾಡಬೇಕೆಂದು 2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಹೇಳಿದೆ. ಆ ಮಕ್ಕಳಿಗೆ ಇದನ್ನು ಬಿಡಿಸಿ ಹೇಳುವವರು ಬೇಕು. ಕಚ್ಚಿದರೆ ಸಾಬೂನು ಹಚ್ಚಿ 15 ನಿಮಿಷ ಹರಿಯುವ ನೀರಲ್ಲಿ ತೊಳೆಯಬೇಕು, ಮನೆಯಲ್ಲಿ ಮುಚ್ಚಿಡದೆ ಅಂದೇ ದವಾಖಾನೆಗೆ ಹೋಗಬೇಕು ಎಂಬುದನ್ನು ಕಲಿಸದೆ ನಾಯಿಯನ್ನು ಪ್ರೀತಿಸು ಎನ್ನುವುದು ಮಗುವಿಗೆ ಮಾಡುವ ಮೋಸ.

ಮತ್ತೆ ಬೇಸಿಗೆಗೆ ಬರುತ್ತೇನೆ. ರಜೆಯಲ್ಲಿ ಶಾಲೆ ತೆರೆಯಲಾಗದು ಎಂಬ ಮಾತು ಪೂರ್ತಿ ನಿಜವಲ್ಲ. 2024ರಲ್ಲಿ ಬರಪೀಡಿತ ತಾಲ್ಲೂಕುಗಳ ಶಾಲೆಗಳಲ್ಲಿ ಬೇಸಿಗೆ ರಜೆಯಲ್ಲೂ ಬಿಸಿಯೂಟ ನಡೆಸಲು ಸರ್ಕಾರವೇ ಆದೇಶಿಸಿತು. ಅಡುಗೆಯವರು ಬಂದರೆ ಒಲೆ ಹೊತ್ತುತ್ತದೆ, ಮಕ್ಕಳು ಬರುತ್ತಾರೆ, ಉಂಡು ತಟ್ಟೆ ತೊಳೆಯುತ್ತಾರೆ. ತೊಳೆದ ನೀರು ಹರಿದುಹೋಗುವ ಬದಿಗೇ ಸಸಿಗಳನ್ನು ನೆಟ್ಟಿದ್ದರೆ ಅವಕ್ಕೆ ಬೇರೆ ಕೊಡ ಹೊರಬೇಕಿಲ್ಲ. ಅಡುಗೆ ಇಲ್ಲದ ವರ್ಷಕ್ಕೆ ಒಂದು ಪಟ್ಟಿ ಸಾಕು. ಫಲಿತಾಂಶದ ದಿನ ಅಂಕಪಟ್ಟಿಯ ಜೊತೆ ಅದನ್ನೂ ಗೋಡೆಗೆ ಅಂಟಿಸಬೇಕು: ಶಾಲೆಯ ಪಕ್ಕದ ಓಣಿಯ ಮಕ್ಕಳ ಹೆಸರು, ಒಬ್ಬೊಬ್ಬರಿಗೆ ಒಂದೇ ಗಿಡ, ಒಂದೇ ಗಡಿಗೆ, ಬೀಗದ ಕೈ ಯಾರ ಮನೆಯಲ್ಲಿದೆ, ಮೇ 15ರ ಬೆಳಗ್ಗೆ ನೀರು ಹಾಕುವ ಸರದಿ ಯಾರದು.