ಅಳೆದವರು, ಅಳತೆ ಮೀರಿದ್ದು

ಹತ್ತೊಂಬತ್ತನೆಯ ಶತಮಾನದ ಪ್ರಷ್ಯದ ಸೇನೆ ಎಂದೊಡನೆ ಕಣ್ಣಿಗೆ ಬರುವುದು ಕವಾಯತು, ಬಿಗಿದ ಕಾಲರು, ಬಿಸ್ಮಾರ್ಕನ ಮೀಸೆ. ಅದೇ ಸೇನೆಯಲ್ಲಿ ಕತ್ತಿಗಿಂತ ಲೇಖನಿಯನ್ನೇ ಹೆಚ್ಚು ಸವೆಸಿದ ಅಧಿಕಾರಿಗಳ ಒಂದು ಪಂಥವೂ ಇತ್ತು. ಬಂದೂಕನ್ನು ಬಿಚ್ಚಿ, ಅಳೆದು, ತೂಗಿ, ಗುಂಡು ಹಾರುವ ಹಾದಿಯನ್ನು ಕೋಷ್ಟಕಕ್ಕೆ ಇಳಿಸಿದವರು ಇವರು. ಆ ಪೈಕಿ ಗಟ್ಟಿಗ ಸೀಸರ್ ರೂಸ್ಟೋ. 1826ರಲ್ಲಿ ಬ್ರಾಂಡೆನ್‌ಬುರ್ಗ್ ಊರಿನಲ್ಲಿ ಹುಟ್ಟಿದ. 1855ರಲ್ಲಿ ಮಿನಿಯೇ ಬಂದೂಕಿನ ಮೇಲೆ ಪುಸ್ತಕ ಬರೆದ. ಮುಂದೆ ಯುದ್ಧದ ಕೈಬಂದೂಕುಗಳ ಬಗ್ಗೆ ಎರಡು ಸಂಪುಟಗಳ ದೊಡ್ಡ ಗ್ರಂಥವನ್ನೇ ತಂದ. 1866ರ ಜುಲೈ 4ರಂದು ಡೆರ್ಮ್‌ಬಾಖ್ ಬಳಿ ಬವೇರಿಯನ್ನರ ಎದುರು ಕಾದಾಡುತ್ತ ಸತ್ತಾಗ ಅವನಿಗೆ ನಲವತ್ತು ವರ್ಷ, ಹುದ್ದೆ ಮೇಜರ್.

ಮನೆತನವೇ ವಿಚಿತ್ರ. ಅಣ್ಣ ವಿಲ್ಹೆಲ್ಮ್ ಪ್ರಷ್ಯದ ಸೈನ್ಯವ್ಯವಸ್ಥೆಯನ್ನು ಟೀಕಿಸಿ ಬರೆದದ್ದಕ್ಕೆ ಶಿಕ್ಷೆಗೆ ಗುರಿಯಾಗಿ ಸ್ವಿಟ್ಜರ್‌ಲೆಂಡಿಗೆ ಓಡಿದವನು, 1860ರಲ್ಲಿ ಗ್ಯಾರಿಬಾಲ್ಡಿಯ ಜೊತೆ ನಿಂತವನು, 1864ರಲ್ಲಿ ಸಮಾಜವಾದಿ ಲಸಾಲ್‌ನ ಪ್ರಾಣ ತೆಗೆದ ದ್ವಂದ್ವಯುದ್ಧದಲ್ಲಿ ಅವನ ಪರವಾಗಿ ಸಾಕ್ಷಿ ನಿಂತವನು. ಇನ್ನೊಬ್ಬ ಅಣ್ಣ ಅಲೆಕ್ಸಾಂಡರ್ ಫಿರಂಗಿ ದಳದವನು; ಕೊನಿಗ್‌ಗ್ರೆಟ್ಸ್‌ನಲ್ಲಿ ಗಾಯಗೊಂಡು ಅದೇ ಜುಲೈಯಲ್ಲಿ ತೀರಿಕೊಂಡ. ಮೂವರೂ ಬರೆಯುವವರೇ.

ಸೀಸರ್ ಮಿನಿಯೇ ಹಿಂದೆ ಬಿದ್ದದ್ದೇಕೆ ಎಂದು ತಿಳಿಯಬೇಕಾದರೆ ಆಗಿನ ಕೋವಿಯ ಕಷ್ಟ ಗೊತ್ತಿರಬೇಕು. ನಳಿಗೆಯೊಳಗೆ ಗಾಡಿ, ಅಂದರೆ ಸುರುಳಿಯಾಗಿ ಕೊರೆದ ತೋಡು, ಇದ್ದರೆ ಗುಂಡು ನೇರ ಹೋಗುತ್ತದೆ. ಆದರೆ ಆ ಗಾಡಿಗೆ ಕಚ್ಚುವಷ್ಟು ದಪ್ಪದ ಗುಂಡನ್ನು ಬಾಯಿಯಿಂದ ತುರುಕಬೇಕಾದರೆ ಗಜದ ಕೋಲಿನಲ್ಲಿ ಬಡಿದೂ ಬಡಿದೂ ಕೈ ಸೋಲುತ್ತದೆ. ಮಿನಿಯೇ ಬಂದೂಕಿನ ಉಪಾಯ ಸರಳ: ಗುಂಡು ಸಣ್ಣದೇ ಇರಲಿ, ಬುಡ ಟೊಳ್ಳಾಗಿರಲಿ, ಅದರಲ್ಲೊಂದು ಕಬ್ಬಿಣದ ಬಟ್ಟಲು. ಮದ್ದು ಹತ್ತಿದಾಗ ಬಟ್ಟಲು ಒಳನುಗ್ಗಿ ಸೀಸವನ್ನು ಅಗಲಿಸುತ್ತದೆ, ಗುಂಡು ಗಾಡಿಗೆ ಕಚ್ಚುತ್ತದೆ. 1857ರಲ್ಲಿ ನಮ್ಮ ಸಿಪಾಯಿಗಳು ಹಲ್ಲಲ್ಲಿ ಕಚ್ಚಲೊಲ್ಲದ ಕೊಬ್ಬಿನ ತೋಟಾ ಈ ಕುಲಕ್ಕೇ ಸೇರಿದ ಎನ್‌ಫೀಲ್ಡ್ ಬಂದೂಕಿನದು. ಪ್ರಷ್ಯವೂ ತನ್ನ ಹಳೆಯ ಕೇಪಿನ ಬಂದೂಕುಗಳನ್ನು 1855ರ ಸುಮಾರಿಗೆ ಇದೇ ಪದ್ಧತಿಗೆ ಮಾರ್ಪಡಿಸಿಕೊಂಡಿತು.

ಅಷ್ಟರಲ್ಲಾಗಲೇ ಆ ಸೇನೆಯ ಕೈಯಲ್ಲಿ ಬೇರೊಂದು ಬಂದೂಕು ಇತ್ತು ಎಂಬುದೇ ಈ ಕಥೆಯ ಗಂಟು. ಸೊಮರ್ಡಾ ಊರಿನ ಡ್ರೈಸೆ ವರ್ಷಗಟ್ಟಲೆ ತಿದ್ದಿ ತೀಡಿ ಮಾಡಿದ ಸೂಜಿ ಬಂದೂಕನ್ನು ಪ್ರಷ್ಯ 1841ರ ಮಾದರಿಯಾಗಿ ಒಪ್ಪಿಕೊಂಡಿತ್ತು. ಗುಟ್ಟು ಬಿಡಬಾರದೆಂದು ಕಾಗದಪತ್ರದಲ್ಲಿ ಅದನ್ನು ಹಗುರ ಕೇಪಿನ ಬಂದೂಕು ಎಂದು ಕರೆದರು. ಮಲೆನಾಡಿನಲ್ಲಿ ಕೇಪಿನ ಕೋವಿಯನ್ನೂ ತೋಟಾ ಕೋವಿಯನ್ನೂ ಹಿಡಿದು ನೋಡಿದವರಿಗೆ ಎರಡರ ನಡುವಿನ ಅಂತರ ವಿವರಿಸಬೇಕಿಲ್ಲ. ಸೂಜಿ ಬಂದೂಕು ಹಿಂದಿನಿಂದ ತುಂಬುವಂಥದ್ದು. ಕಾಗದದ ತೋಟಾದಲ್ಲಿ ಬುಡಕ್ಕೆ ಮದ್ದು. ಮುಂದೆ ಒತ್ತಿದ ಕಾಗದದ ಕವಚದಲ್ಲಿ ಕೂತ ಮೊಟ್ಟೆಯಾಕಾರದ ಗುಂಡು. ಆ ಕವಚದ ತಳದಲ್ಲಿ ಸಿಡಿಮದ್ದಿನ ಬಿಲ್ಲೆ. ಕೀಲು ಎಳೆದರೆ ಉದ್ದನೆಯ ಸೂಜಿ ಕಾಗದ ಚುಚ್ಚಿ, ಮದ್ದನ್ನೆಲ್ಲ ಸೀಳಿಕೊಂಡು ಹೋಗಿ ಬಿಲ್ಲೆಗೆ ಬಡಿಯುತ್ತದೆ. ಅಂದರೆ ಪ್ರತಿ ಸಲವೂ ಸೂಜಿ ಬೆಂಕಿಯ ನಡುವೆಯೇ ನಿಂತಿರುತ್ತದೆ. ಸುಟ್ಟು ಮುರಿಯುತ್ತಿತ್ತು, ಸಿಪಾಯಿಯ ಚೀಲದಲ್ಲಿ ಬದಲಿ ಸೂಜಿ ಇರಲೇಬೇಕಿತ್ತು. ಹಿಂಬದಿಯ ಸಂದಿನಿಂದ ಬಿಸಿ ಹೊಗೆ ಮುಖಕ್ಕೆ ರಾಚುತ್ತಿತ್ತು. ಗುಂಡು ತಾನಾಗಿ ಗಾಡಿಗೆ ತಾಗುತ್ತಲೂ ಇರಲಿಲ್ಲ, ತಾಗುತ್ತಿದ್ದದ್ದು ಅದರ ಕಾಗದದ ಕವಚ. ದೂರಕ್ಕೆ, ಗುರಿಗೆ ಮಿನಿಯೇ ಕುಲವೇ ಮೇಲು. ಆದರೆ ಇದು ನಿಮಿಷಕ್ಕೆ ಐದಾರು ಸಲ ಹಾರಿಸುತ್ತಿತ್ತು; ಅದಕ್ಕಿಂತ ದೊಡ್ಡ ವಿಷಯ, ಮಲಗಿಕೊಂಡೇ ತುಂಬಬಹುದಿತ್ತು. ಗಜ ಹಾಕುವವನು ಎದ್ದು ನಿಲ್ಲಬೇಕು, ನಿಂತವನು ಗುರಿಗೆ ಸಿಗುತ್ತಾನೆ.

ಹಾಗಾದರೆ ಯಾವುದು ಮೇಲು: ದೂರವೋ, ಬೇಗವೋ? ಈ ಪಂಥದ ಪ್ರಶ್ನೆಯೇ ಇದು. ಆಸ್ಟ್ರಿಯ ಸೂಜಿ ಬಂದೂಕನ್ನು ಪರೀಕ್ಷಿಸಿ ಕೈಬಿಟ್ಟಿತು. ಸಿಪಾಯಿ ಗಾಬರಿಯಲ್ಲಿ ತೋಟಾ ಖಾಲಿಮಾಡಿಕೊಂಡು ಕೂರುತ್ತಾನೆ ಎಂಬ ಅಂಜಿಕೆ. ಪ್ರಷ್ಯದ ಹಳೆಯ ತಲೆಗಳಲ್ಲೂ ಅದೇ ಅಳುಕು. ನನ್ನ ಮಟ್ಟಿಗೆ ಈ ಲೇಖಕ ಅಧಿಕಾರಿಗಳ ನಿಜವಾದ ಸಾಧನೆ ಬಂದೂಕಿನ ಯಂತ್ರದಲ್ಲಿಲ್ಲ. ತೋಟಾ ವ್ಯರ್ಥವಾಗುವುದು ಬಂದೂಕಿನ ದೋಷವಲ್ಲ, ಕಲಿಸುವವರ ದೋಷ ಎಂದು ಹಟ ಹಿಡಿದು, ಸ್ಪಾಂಡಾವಿನ ಗುರಿಶಾಲೆಯಂಥ ಕಡೆ ದೂರ ಅಂದಾಜು ಮಾಡುವುದನ್ನು, ತಡೆದು ಹಾರಿಸುವುದನ್ನು ಕಲಿಸಿದರಲ್ಲ, ಅದರಲ್ಲಿದೆ.

ಪಂಥವನ್ನು ಹೊಗಳುವವರು 1864ರಿಂದ ಶುರುಮಾಡುತ್ತಾರೆ. ಲುಂಡ್ಬಿಯಲ್ಲಿ ಸಂಗೀನು ಹಿಡಿದು ಸಾಲಾಗಿ ನುಗ್ಗಿದ ಡೇನರನ್ನು ಒಂದು ಸಣ್ಣ ಪ್ರಷ್ಯನ್ ತುಕಡಿ ಕೆಲವೇ ನಿಮಿಷದಲ್ಲಿ ಮಲಗಿಸಿತು. ತನ್ನ ಕಡೆ ಗಾಯಗೊಂಡವರು ಮೂವರು. ಎರಡು ವರ್ಷದ ಮೇಲೆ ಕೊನಿಗ್‌ಗ್ರೆಟ್ಸ್‌ನಲ್ಲಿ ಆಸ್ಟ್ರಿಯನ್ನರ ಮೇಲೆ ಗೆಲುವು. ಆದರೆ ಸೂಜಿ ಬಂದೂಕು ಮೊದಲು ನೆತ್ತರು ಕಂಡದ್ದು ಪರದೇಶದವರ ಮೇಲಲ್ಲ. 1849ರಲ್ಲಿ ಡ್ರೆಸ್ಡೆನ್ ಬೀದಿಗಳಲ್ಲಿ, ಬಾಡೆನ್‌ನಲ್ಲಿ, ಬಂಡೆದ್ದ ಜರ್ಮನರ ಮೇಲೆ. ಬಾಡೆನ್‌ನ ಬಂಡಾಯಗಾರರಲ್ಲಿ ಫ್ರೆಡರಿಕ್ ಎಂಗೆಲ್ಸ್ ಕೂಡ ಇದ್ದ. ಹತ್ತು ವರ್ಷ ಕಳೆದು ಅವನೇ ರೈಫಲಿನ ಚರಿತ್ರೆ ಬರೆದ. 1866ರಲ್ಲಿ ಮಾತ್ರ ಪ್ರಷ್ಯ ಸೋಲುತ್ತದೆಂದು ಲೆಕ್ಕ ಹಾಕಿ ಪೂರ್ತಿ ಎಡವಿದ.

ಗೆದ್ದ ಮೇಲೆ ಯೂರೋಪೆಲ್ಲ ಸೂಜಿ ಬಂದೂಕಿಗೆ ಕೈಮುಗಿಯಿತು. ಇಲ್ಲಿ ನನ್ನ ತಕರಾರಿದೆ. ಆಸ್ಟ್ರಿಯನ್ನರ ಲೊರೆಂಟ್ಸ್ ಬಂದೂಕು ಹೆಚ್ಚು ದೂರ ಮುಟ್ಟುತ್ತಿತ್ತು. ಅದನ್ನು ಕೈಯಲ್ಲಿಟ್ಟುಕೊಂಡು ಒತ್ತಾದ ಸಾಲುಗಳಲ್ಲಿ ಸಂಗೀನು ದಾಳಿಗೆ ಹೋದದ್ದು ಅವರ ಸೇನಾನಿಗಳು. ಸೋತದ್ದು ಬಂದೂಕಲ್ಲ, ಆಜ್ಞೆ. ಸುಧಾರಿಸಿದ ಬಂದೂಕುಗಳಿಂದ ಕಾಳಗ ಹೇಗೆ ಬದಲಾಗುತ್ತದೆಂದು ಪ್ರಷ್ಯದ ಸೇನಾ ಮುಖ್ಯಸ್ಥ ಮೋಲ್ಟ್ಕೆ 1865ರಲ್ಲೇ ಬರೆದಿದ್ದ: ನಿಂತು ಹಾರಿಸುವವನಿಗೆ ಲಾಭ, ಬಯಲಲ್ಲಿ ನುಗ್ಗುವವನಿಗೆ ಸಾವು. ಪುಸ್ತಕದಲ್ಲಿದ್ದ ಈ ಅರಿವು ರೆಜಿಮೆಂಟಿನ ಕವಾಯತು ಮೈದಾನ ಮುಟ್ಟಲಿಲ್ಲ ಎಂಬುದೇ ಈ ಪಂಥದ ಮೇಲಿನ ದೊಡ್ಡ ಆಕ್ಷೇಪ.

ಅದನ್ನು ಒಳಗಿನವನೊಬ್ಬ ಕಂಡಿದ್ದ. ಹೆಸ್ಸೆಯ ಅಧಿಕಾರಿ ವಿಲ್ಹೆಲ್ಮ್ ಫಾನ್ ಪ್ಲೊನೀಸ್, ರೈಫಲ್ ಶಾಸ್ತ್ರದಲ್ಲಿ ರೂಸ್ಟೋಗೆ ಸಮಾನ ವಿದ್ವಾಂಸ. ಗುಂಡಿನ ಹಾದಿಯ ಮೇಲೆ ಕೋಷ್ಟಕಗಳ ಮೇಲೆ ಕೋಷ್ಟಕ ಬರೆದ ಈತ, 1869ರಲ್ಲಿ ಜನರಲ್ ಫಾಮ್ ಕ್ನೋಪ್ಫ್ ಎಂಬ ಕಲ್ಪಿತ ಸೇನಾಪತಿಯ ಜೀವನಚರಿತ್ರೆಯ ಸೋಗಿನಲ್ಲಿ ಒಂದು ನಗೆಗ್ರಂಥ ಬರೆದ. ಕ್ನೋಪ್ಫ್ ಎಂದರೆ ಜರ್ಮನ್ ಭಾಷೆಯಲ್ಲಿ ಗುಂಡಿ; ಸಮವಸ್ತ್ರದ ಗುಂಡಿಯಲ್ಲೇ ಸೈನ್ಯಶಾಸ್ತ್ರ ಮುಗಿಯಿತೆಂದುಕೊಂಡವರ ಗೇಲಿ.

ಮರುವರ್ಷವೇ ಫ್ರಾನ್ಸಿನೊಡನೆ ಯುದ್ಧ. ಫ್ರೆಂಚರ ಶಾಸ್ಪೋ ಬಂದೂಕಿಗೆ ಹಿಂಬದಿಯಲ್ಲಿ ರಬ್ಬರಿನ ಬಳೆ, ಹನ್ನೊಂದು ಮಿಲಿಮೀಟರಿನ ಸಣ್ಣ ಗುಂಡು, ಸಾವಿರ ಮೀಟರಿಗೂ ಆಚೆ ಮುಟ್ಟುವ ಗುರಿಪಟ್ಟಿ. ಸೂಜಿ ಬಂದೂಕು ಅದರ ಅರ್ಧ ದೂರಕ್ಕೇ ಉಸಿರು ಬಿಡುತ್ತಿತ್ತು. ಪ್ರಷ್ಯದ ತಜ್ಞರಿಗೆ ಇದು ತಿಳಿಯದ್ದಲ್ಲ. ಹೊಗೆ ಸೋರದಂತೆ ರಬ್ಬರ್ ಬಳೆ ಹಾಕುವ ಬೆಕ್ ಎಂಬುವನ ತಿದ್ದುಪಡಿ ಮಂಜೂರಾಗಿತ್ತು. ಕೆಲಸ ಕೈಗೂಡುವ ಮುಂಚೆಯೇ ಯುದ್ಧ ಬಂತು. ಇಷ್ಟು ಗೊತ್ತಿದ್ದೂ 1870ರ ಆಗಸ್ಟ್ 18ರಂದು ಸೇಂಟ್ ಪ್ರಿವಾ ಹಳ್ಳಿಯ ಮುಂದಿನ ಬೋಳು ಇಳಿಜಾರಿನಲ್ಲಿ ರಾಜನ ಗಾರ್ಡ್ ಪಡೆಯನ್ನು ದಟ್ಟ ಸಾಲುಗಳಲ್ಲಿ ಮೇಲಕ್ಕೆ ನಡೆಸಿದರು. ಸುಮಾರು ಎಂಟು ಸಾವಿರ ಮಂದಿ ಬಿದ್ದರು. ಬಹುಪಾಲು ಜನ ತಮ್ಮ ಬಂದೂಕಿನ ಗುಂಡು ವೈರಿಯನ್ನು ಮುಟ್ಟುವಷ್ಟು ಹತ್ತಿರ ಹೋಗುವ ಮೊದಲೇ. ಯುದ್ಧ ಮುಗಿಯುತ್ತಲೇ ಸೂಜಿ ಬಂದೂಕನ್ನು ಬದಿಗಿಟ್ಟು, ಲೋಹದ ತೋಟಾದ ಮೌಸರ್ 1871 ಮಾದರಿಯನ್ನು ತಂದರು. ಬಂದೂಕು ಬದಲಾಯಿಸುವುದು ಅವರಿಗೆ ಗೊತ್ತಿದ್ದ ಕೆಲಸ, ಅಚ್ಚುಕಟ್ಟಾಗಿ ಮಾಡಿದರು. ದಟ್ಟ ಸಾಲಿನ ಮೋಹ ಮಾತ್ರ ಜರ್ಮನ್ ಮೈದಾನಗಳಲ್ಲಿ ಇನ್ನೂ ಬಹುಕಾಲ ಉಳಿಯಿತು.